ಒಂದು ಗೇಣು ಬಟ್ಟೆ

ಆ ಊರಿನಲ್ಲಿ ಬಟ್ಟೆಗೆ ನೆನಪಿತ್ತು.

ಇಷ್ಟೇ ಹೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ, ಆದ್ದರಿಂದ ಬಿಡಿಸಿ ಹೇಳಬೇಕು. ಅದು ಬಯಲಿನ ನಡುವಿನ ಊರು. ಸುತ್ತ ಗುಡ್ಡವಿಲ್ಲ, ಕಾಡಿಲ್ಲ, ಹೀಗಾಗಿ ಗಾಳಿಗಳಿಗೆ ಅಡ್ಡಿಯಿಲ್ಲ. ಗಾಳಿಗಳು ಎಂದೇ ಹೇಳಬೇಕು, ಏಕೆಂದರೆ ಅಲ್ಲಿ ಬೀಸುತ್ತಿದ್ದದ್ದು ಒಂದೇ ಗಾಳಿಯಲ್ಲ. ಹಳದಿ ಗಾಳಿ ಬಂದರೆ ಜ್ವರ. ಬೂದು ಗಾಳಿ ಬಂದರೆ ಎದೆ ಕಟ್ಟುತ್ತಿತ್ತು. ನೀಲಿ ಗಾಳಿ ಕಿವಿಯಲ್ಲಿ ಕೂರುತ್ತಿತ್ತು, ಕಂದು ಗಾಳಿ ಹೊಟ್ಟೆಯಲ್ಲಿ. ಒಂದು ಗಾಳಿ ಒಬ್ಬರ ಮೈ ಹೊಕ್ಕು ಮೂರು ದಿನ ಇದ್ದು ಹೋಯಿತೆಂದರೆ, ಒಂಬತ್ತನೆಯ ದಿನ ಅವರು ಉಟ್ಟ ಬಟ್ಟೆಯಲ್ಲಿ ಆ ಗಾಳಿಯ ಬಣ್ಣದ ನೂಲೊಂದು ತಾನಾಗಿ ಮೂಡುತ್ತಿತ್ತು. ಯಾರೂ ನೇಯ್ದದ್ದಲ್ಲ, ಯಾರೂ ಹೊಲಿದದ್ದಲ್ಲ. ಮೈಯೊಳಗೆಲ್ಲೋ ಒಂದು ರಾಟೆ ಇದೆ, ಅದು ತಿರುಗಿ ನೂಲು ತೆಗೆದು ಬಟ್ಟೆಗೆ ಕಳಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮೊದಲ ಸಲ ಮೂಡಲು ಒಂದೇ ಬಟ್ಟೆ ಒಂಬತ್ತು ದಿನ ಮೈಮೇಲಿರಬೇಕು; ಆಮೇಲೆ ಬಟ್ಟೆ ಬದಲಿಸಿದರೂ ಚಿಂತೆಯಿಲ್ಲ, ರಾಟೆ ಹೊಸ ಬಟ್ಟೆಗೂ ಒಂದೇ ದಿನದಲ್ಲಿ ಅದೇ ನೂಲನ್ನು ಕಳಿಸುತ್ತಿತ್ತು. ಮುಂದೆ ಅದೇ ಗಾಳಿ ಬಂದಾಗ ಹೊಸ್ತಿಲಲ್ಲಿ ನಿಂತು ತನ್ನ ಬಣ್ಣವನ್ನು ನೋಡುತ್ತಿತ್ತು. ‘ಇಲ್ಲಿಗೆ ಬಂದು ಹೋಗಿದ್ದೇನೆ’ ಎಂದು ತಿರುಗಿ ಹೋಗುತ್ತಿತ್ತು. ಗಾಳಿಗೆ ಕಣ್ಣು ಮಂದ. ಅದು ಮನುಷ್ಯರ ಮುಖ ನೋಡುವುದಿಲ್ಲ, ನೂಲನ್ನಷ್ಟೇ ನೋಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಆ ಊರಿನ ಮುದುಕರ ಅಂಗಿಗಳು ಹೊತ್ತು ಮುಳುಗುವಾಗಿನ ಆಕಾಶದ ಹಾಗೆ ಇರುತ್ತಿದ್ದವು. ಚಿಕ್ಕ ಮಕ್ಕಳ ಅಂಗಿಗಳು ಬಿಳಿ.

ಆ ಊರಿನಲ್ಲಿ ಒಬ್ಬ ತಾಯಿ ಇದ್ದಳು. ಅವಳ ಗಂಡ ನೇಕಾರ. ಅವರಿಗೆ ಒಂದು ಗಂಡುಕೂಸು.

ಕೂಸು ಹುಟ್ಟಿದ ಮೊದಲ ಆರು ತಿಂಗಳು ತಾಯಿಯ ಸೆರಗಿನಲ್ಲೇ ಇತ್ತು. ಅಲ್ಲಿ ಎಲ್ಲ ಕೂಸುಗಳೂ ಹಾಗೆಯೇ. ಆರು ತಿಂಗಳವರೆಗೆ ಮಗುವಿಗೆ ಸ್ವಂತ ಬಟ್ಟೆಯಿಲ್ಲ, ತಾಯಿ ಉಟ್ಟ ಸೀರೆಯ ಸೆರಗೇ ಅದರ ಬಟ್ಟೆ. ಆರು ತಿಂಗಳಿಗೆ ‘ಸೆರಗು ಬಿಡಿಸುವ ದಿನ’ ಬರುತ್ತದೆ. ಅಂದು ಕೂಸಿಗೆ ಎಣ್ಣೆ ಹಚ್ಚಿ, ಎರೆದು, ತಂದೆ ನೇಯ್ದ ಬಿಳಿ ಅಂಗಿ ತೊಡಿಸುತ್ತಾರೆ. ಅಂದಿನಿಂದ ಒಬ್ಬರು ಉಟ್ಟದ್ದನ್ನು ಇನ್ನೊಬ್ಬರು ಉಡುವ ಹಾಗಿಲ್ಲ. ಅಣ್ಣನದು ತಮ್ಮನಿಗಿಲ್ಲ, ಅತ್ತೆಯದು ಸೊಸೆಗಿಲ್ಲ. ಉಟ್ಟ ಬಟ್ಟೆಯೆಂದರೆ ಉಟ್ಟವರ ಚರ್ಮ. ಅದನ್ನು ಕೇಳುವುದು ಭಂಡತನ, ಕೊಡುವುದು ಅಪಶಕುನ.

ಸೆರಗು ಬಿಡಿಸಿದ ಹತ್ತನೆಯ ದಿನಕ್ಕೆ ಕೂಸಿನ ಮೇಲೆ ಹಳದಿ ಗಾಳಿ ಬಂತು. ಅದು ಹೋಗುವುದರೊಳಗೆ ಬೂದು ಗಾಳಿ. ಬೂದು ಗಾಳಿ ಇಳಿಯಿತೆನ್ನುವಾಗ ನೀಲಿ ಗಾಳಿ. ಆಮೇಲೆ ಮತ್ತೆ ಹಳದಿ. ಒಮ್ಮೆ ಬಂದ ಗಾಳಿ ಎರಡನೆಯ ಸಲ ಅದೇ ಮೈಗೆ ಬರಬಾರದಲ್ಲ. ಈ ಕೂಸಿಗೆ ಮಾತ್ರ ಹಳದಿ ಗಾಳಿ ನಾಲ್ಕು ಸಲ ಬಂತು. ಬೂದು ಗಾಳಿಯಂತೂ ಬಾಡಿಗೆಗೆ ಇದ್ದವರ ಹಾಗೆ ಅಲ್ಲೇ ಬಿಡಾರ ಹೂಡಿತು.

ಹಾಗಾದರೆ ಕೂಸಿನ ಅಂಗಿಯಲ್ಲಿ ನೂಲು ಮೂಡುತ್ತಿಲ್ಲವೆಂದು ಯಾರಿಗೂ ಕಾಣಲಿಲ್ಲವೇ ಎಂದು ಕೇಳಬಹುದು. ಕಾಣಲಿಲ್ಲ. ಅದಕ್ಕೆ ಕಾರಣ ಪ್ರೀತಿ. ಆ ಊರಿನಲ್ಲಿ ಎಳೆಯ ಮಗು ಕಾಹಿಲೆ ಬಿದ್ದರೆ, ಅದು ತೊಟ್ಟ ಅಂಗಿಯನ್ನು ಮರುದಿನವೇ ಹಳ್ಳಕ್ಕೆ ಬಿಟ್ಟು ಹೊಸ ಅಂಗಿ ತೊಡಿಸಬೇಕು. ಬೇರೆ ಮಕ್ಕಳಿಗೆ ಒಮ್ಮೆ ಗಾಳಿ ಬಂದರೆ ಮತ್ತೆ ಎಷ್ಟೋ ತಿಂಗಳು ಬರದು, ಹೊಸ ಅಂಗಿಯಲ್ಲಿ ಒಂಬತ್ತನೆಯ ದಿನ ನೂಲು ಮೂಡಿ, ತಾಯಂದಿರು ಅದನ್ನು ಮನೆಮನೆಗೆ ತೋರಿಸಿ ಬೆಲ್ಲ ಹಂಚುತ್ತಿದ್ದರು. ಈ ಕೂಸಿಗಾದರೋ ಒಂಬತ್ತು ದಿನ ಆಗುವುದರೊಳಗೆ ಇನ್ನೊಂದು ಗಾಳಿ, ಇನ್ನೊಂದು ಹೊಸ ಅಂಗಿ. ನೇಕಾರ ಮಗ್ಗದಿಂದ ಏಳಲೇ ಇಲ್ಲ. ಒಂದಕ್ಕಿಂತ ಒಂದು ನುಣುಪಾಗಿ, ಒಂದಕ್ಕಿಂತ ಒಂದು ಬೆಳ್ಳಗೆ ನೇಯ್ದ. ಹೀಗೆ ಯಾವ ಅಂಗಿಯೂ ನಿಜ ಹೇಳುವಷ್ಟು ದಿನ ಆ ಮೈಮೇಲೆ ಉಳಿಯಲಿಲ್ಲ.

“ಎಷ್ಟ ಚೊಕ್ಕ ಕೂಸವಾ! ಯಾವಾಗ ನೋಡಿದ್ರೂ ಮಲ್ಲಿಗಿ ಹಂಗ ಬಿಳಿ,” ಎನ್ನುತ್ತಿದ್ದರು ನೆರೆಯವರು.

“ಚೊಕ್ಕ ಇಟ್ಟರ ಏನ ಬಂತು? ತಾಯಿ ನಾಲಿಗಿ ಚೊಕ್ಕ ಇಲ್ಲ. ಗಾಳಿಗೆ ಬೈದಿರಬೇಕು, ಅದಕ್ಕ ಹಗಿ ಸಾಧಸ್ತೈತಿ,” ಎನ್ನುತ್ತಿದ್ದಳು ಎದುರುಮನೆಯವಳು.

ಈ ಎದುರುಮನೆಯವಳ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವಳು ಒಂಟಿ. ಅವಳ ನಾಲಿಗೆ ಕುಡುಗೋಲು. ಎಳೆಯ ಹುಡುಗಿಯಾಗಿದ್ದಾಗ ದೂರದ ಯಾವುದೋ ಊರಿನಿಂದ ಬಂದು ಸೋದರತ್ತೆಯ ಮನೆಯಲ್ಲಿ ಬೆಳೆದವಳು. ಹಬ್ಬವಿರಲಿ ಸೂತಕವಿರಲಿ, ಅವಳು ಉಡುತ್ತಿದ್ದದ್ದು ಕೆಂಪು ಸೀರೆ, ಕಡುಗೆಂಪು, ಅಂಚೂ ಕೆಂಪು. “ಅರವತ್ತಕ್ಕ ಬಂದರೂ ಮದಿಮಗಳು ಆಗೂ ಹುಚ್ಚು ಬಿಡಲಿಲ್ಲ,” ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ನಗುತ್ತಿದ್ದರು.

ಕೂಸಿಗೆ ವರ್ಷ ತುಂಬಿತು. ಅದರ ಕೈಕಾಲು ಕಡ್ಡಿಯಾಗಿದ್ದವು. ಇಪ್ಪತ್ತೈದನೆಯ ಅಂಗಿ ತೊಡಿಸಿದ ದಿನ ತಾಯಿ ಅದನ್ನು ಎದೆಗವಚಿಕೊಂಡು ಊರಾಚೆಯ ನೀಲಿ ಬಾವಿಯ ಕಡೆಗೆ ನಡೆದಳು. ಅಲ್ಲಿ ದಾರ ಓದುವವಳಿದ್ದಳು. ದಾರ ಓದುವವಳೆಂದರೆ, ಬಟ್ಟೆಯಲ್ಲಿ ಮೂಡಿದ ನೂಲುಗಳನ್ನು ನೋಡಿ ಯಾರಿಗೆ ಯಾವ ಗಾಳಿ ಯಾವಾಗ ಬಂದಿತ್ತು, ಯಾವುದಕ್ಕೆ ಹೆದರಬೇಕಿಲ್ಲ ಎಂದು ಹೇಳುವವಳು. ಸುಲಭದ ಕಾಹಿಲೆಗಳಿಗೆ ಯಾರೂ ಅಷ್ಟು ದೂರ ಹೋಗುತ್ತಿರಲಿಲ್ಲ.

ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಿಯ ತುದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಯಾರು ನೇದಾರ?”

“ನನ್ನ ಗಂಡ.”

“ಚಲೋ ನೇದಾನ. ಭಾಳ ಚಲೋ ನೇದಾನ. ಅದಕ್ಕ ಯಾರಿಗೂ ಏನೂ ಕಂಡಿಲ್ಲ.” ಆಮೇಲೆ ಕೇಳಿದಳು: “ನಿನ್ನ ಸೆರಗಿನ್ಯಾಗ ಇದ್ದಾಗ ಹೆಂಗಿದ್ದ?”

“ಗುಂಡಕಲ್ಲ ಇದ್ದಂಗ ಇದ್ದ. ಒಂದ ಸೀನು ಸೀನಿದ್ದಿಲ್ಲ.”

ದಾರ ಓದುವವಳು ಕೂಸನ್ನು ತಾಯಿಯ ಕೈಗೆ ಕೊಟ್ಟಳು. ಬಾವಿಯ ನೀರನ್ನು ನೋಡುತ್ತ ಕೂತಳು.

“ಈ ಅಂಗಿ ಬಿಚ್ಚಬ್ಯಾಡ,” ಎಂದಳು ಕಡೆಗೆ. “ಏನರೆ ಬರಲಿ. ಜ್ವರ ಬರಲಿ, ಕೆಮ್ಮು ಬರಲಿ, ಊರವರು ಬಂದು ಬಾಗಲಾ ಬಡೀಲಿ. ಒಂಬತ್ತು ದಿನ ಇದನ್ನ ಬಿಚ್ಚಬ್ಯಾಡ. ಹತ್ತನೇ ದಿನ ಬಾ.”

ಕಾಹಿಲೆಯ ಮಗುವಿನ ಮೈಮೇಲೆ ಅದೇ ಅಂಗಿ ಬಿಡುವುದೆಂದರೆ ಆ ಊರಿನಲ್ಲಿ ಮಗುವನ್ನು ಹಳ್ಳಕ್ಕೆ ಎಸೆದಷ್ಟೇ ಪಾಪ. ಮೂರನೆಯ ದಿನ ಬೂದು ಗಾಳಿ ಬಂತು. ನೇಕಾರ ಹೊಸ ಅಂಗಿ ಹಿಡಿದು ಬಂದ. ತಾಯಿ ಅಡ್ಡ ನಿಂತಳು.

“ಏನ ಹೆಂಗಸ ಅದೀ ನೀ! ಕೂಸ ಉಸರಾಡಾಕ ಒದ್ದಾಡತೈತಿ!”

“ಆರು ದಿನ ತಡೀರಿ.”

“ಆರು ದಿನಕ್ಕ ಇರತೈತೇನ ಅದು?”

ಅವಳಿಗೂ ಗೊತ್ತಿರಲಿಲ್ಲ. ನೇಕಾರ ಹೊಸ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಮಗ್ಗದ ಗುಂಡಿಯಲ್ಲಿ ಇಳಿದು ಕೂತ. ಅವಳು ಆರು ದಿನ ಕೂಸನ್ನು ನೆಟ್ಟಗೆ ಹಿಡಿದುಕೊಂಡೇ ಕೂತಿದ್ದಳು, ಮಲಗಿಸಿದರೆ ಉಸಿರು ನಿಲ್ಲುತ್ತದೆಂದು.

ಹತ್ತನೆಯ ದಿನ ದಾರ ಓದುವವಳು ಅಂಗಿ ಬಿಚ್ಚಿ ಬಿಸಿಲಿಗೆ ಹಿಡಿದಳು. ಹಿಂದೆ ಅಷ್ಟು ಸಲ ಗಾಳಿಗಳು ಬಂದು ಹೋದ ಮೈಮೇಲೆ ಒಂಬತ್ತು ದಿನ ಇದ್ದ ಅಂಗಿಯಲ್ಲಿ ಒಂದೇ ಒಂದು ನೂಲೂ ಇರಲಿಲ್ಲ. ಮಗ್ಗದಿಂದ ಇಳಿದಾಗ ಹೇಗಿತ್ತೋ ಹಾಗೇ ಬಿಳಿ.

“ನಿನ್ನ ತವರಮನಿಯಾಗ ಗಂಡಕೂಸು ಯಾರ್ಯಾರು ಸತ್ತಾರ?” ಎಂದಳು ದಾರ ಓದುವವಳು.

“ಯಾರೂ ಇಲ್ಲ. ನಾನೊಬ್ಬಾಕೇ ಮಗಳು.”

“ಹೋಗಿ ನಿಮ್ಮವ್ವನ ಕೇಳು.”

ಇಲ್ಲಿ ಆ ಊರಿನ ಇನ್ನೊಂದು ರೂಢಿ ಹೇಳದಿದ್ದರೆ ಕಥೆ ಕುಂಟುತ್ತದೆ. ಅಲ್ಲಿ ಎಳೆಗೂಸು ತೀರಿಕೊಂಡರೆ ಅದರ ಬಟ್ಟೆಯನ್ನೆಲ್ಲ ಹಳ್ಳಕ್ಕೆ ಬಿಟ್ಟು, ಹೆಸರನ್ನೂ ಅದರೊಂದಿಗೆ ಬಿಡುತ್ತಿದ್ದರು. ಆ ಹೆಸರನ್ನು ಮತ್ತೆ ಯಾರೂ ಎತ್ತುವಂತಿಲ್ಲ. ದುಃಖ ಬೇಗ ಕರಗಲೆಂದು ಮಾಡಿದ ರೂಢಿ ಅದು. ಅದರಿಂದ ದುಃಖ ಕರಗಿತೋ ಇಲ್ಲವೋ, ಗುರುತು ಮಾತ್ರ ಕರಗಿತು. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ವಯಸ್ಸಿನಲ್ಲಿ, ಹೇಗೆ ಹೋದವೆಂದು ಮುಂದಿನವರಿಗೆ ತಿಳಿಯುತ್ತಲೇ ಇರಲಿಲ್ಲ.

ತಾಯಿ ತವರಿಗೆ ಹೋದಳು. ತವರೂ ಅದೇ ಊರಿನಲ್ಲಿ, ಮೂರು ಓಣಿ ಆಚೆ. ಅವಳ ತಾಯಿ, ಅಂದರೆ ಕೂಸಿನ ಅಜ್ಜಿ, ಜೋಳ ಬೀಸುತ್ತಿದ್ದಳು. ಮಗಳ ಪ್ರಶ್ನೆ ಕೇಳಿ ಬೀಸುವ ಕಲ್ಲು ನಿಲ್ಲಿಸಲಿಲ್ಲ. ಒಂದು ಹಿಡಿ ಹಾಕಿದಳು, ತಿರುವಿದಳು. ಇನ್ನೊಂದು ಹಿಡಿ ಹಾಕಿದಳು, ತಿರುವಿದಳು. ಮೂರನೆಯ ಹಿಡಿ ಹಾಕಲು ಕೈ ಏಳಲಿಲ್ಲ.

ಎದ್ದು ಒಳಗೆ ಹೋಗಿ ಜೋಳ ತುಂಬಿಡುವ ಮಣ್ಣಿನ ವಾಡೆಯ ತಳಕ್ಕೆ ತೋಳು ಇಳಿಸಿ ಒಂದು ಗಂಟು ತೆಗೆದಳು. ಗಂಟಿನಲ್ಲಿ ಮೂರು ಕುಲಾವಿಗಳಿದ್ದವು. ಕೂಸಿನ ತಲೆಗೆ ಕಟ್ಟುವ, ಅಂಗೈಯಗಲದ ಕುಲಾವಿ. ನಲವತ್ತು ವರ್ಷ ಜೋಳದಡಿ ಇದ್ದರೂ ಮೂರೂ ಬಿಳಿಯಾಗೇ ಇದ್ದವು.

“ಅಂಗಿ ಎಲ್ಲಾ ಹಳ್ಳಕ್ಕ ಬಿಟ್ಟೆ,” ಎಂದಳು ಅಜ್ಜಿ. “ಇವನ್ನ ಬಿಡಾಕ ಆಗಲಿಲ್ಲ. ಎದಿ ಒಪ್ಪಲಿಲ್ಲ. ರೂಢಿ ಮುರದೀನಿ, ಗೊತ್ತೈತಿ. ನಿಮ್ಮಪ್ಪಗೂ ಹೇಳಿಲ್ಲ. ಒಂದೊಂದನ್ನ ತಿಂಗಳಗಟ್ಟಲೆ ತೊಡಿಸಿದ್ದೆ, ಬಿಚ್ಚಿದ್ದಿಲ್ಲ.”

“ನನಗ ಮೂರು ಮಂದಿ ಅಣ್ಣಗೋಳ ಇದ್ದರೇನವ್ವಾ?”

ಅಜ್ಜಿ ಬಾಯಿ ತೆರೆದಳು. ಹೆಸರು ಹೊರಗೆ ಬರಲಿಲ್ಲ. ನಲವತ್ತು ವರ್ಷ ಮುಚ್ಚಿದ ಬಾಗಿಲು ಒಂದೇ ನೂಕಿಗೆ ತೆರೆಯುವುದಿಲ್ಲ.

ದಾರ ಓದುವವಳು ಮೂರು ಕುಲಾವಿಗಳನ್ನೂ ಒಂದು ಅಂಗಿಯನ್ನೂ ಸಾಲಾಗಿ ಕಲ್ಲಿನ ಮೇಲೆ ಹರಡಿದಳು. ನಾಲ್ಕು ಬಿಳಿ. ತಾಯಿ ಆ ನಾಲ್ಕು ಬಿಳಿಗಳನ್ನು ನೋಡಿದಳು, ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಆದರೂ ದಾರ ಓದುವವಳು ಹೇಳಿದಳು, ಏಕೆಂದರೆ ಇಂಥದ್ದನ್ನು ಬಾಯಿಬಿಟ್ಟು ಹೇಳಲೇಬೇಕು.

“ಈ ಕೂಸಿನ ಮೈಯಾಗ ರಾಟಿ ಇಲ್ಲ. ಗಾಳಿ ಬರತೈತಿ, ಹೋಗತೈತಿ, ನೂಲು ತಗ್ಯಾಕ ಒಳಗ ಯಾರೂ ಇಲ್ಲ. ಹಿಂಗಾಗಿ ಪ್ರತಿ ಗಾಳಿಗೂ ಇದು ಹೊಸಾ ಮನಿ. ತಾಯಿಯಿಂದ ಮಗಳಿಗೆ ಸುಮ್ಮನ ದಾಟಿ ಬಂದು, ಮಗಳ ಗಂಡಮಕ್ಕಳ ಮ್ಯಾಲ ಕಾಣಸ್ತೈತಿ ಇದು. ನಿಮ್ಮವ್ವನ ರಾಟಿ ನೆಟ್ಟಗೈತಿ, ನಿಂದೂ ನೆಟ್ಟಗೈತಿ.”

“ಹಂಗಾದ್ರ ನಾನ ಕೊಟ್ಟೆನೇನ ಇದನ್ನ?”

“ಕೊಟ್ಟಾಕಿ ಅಲ್ಲ, ದಾಟಿಸಿದಾಕಿ. ಹೊಳಿಗೆ ತಾ ಏನ ಹೊತ್ತ ತಂದೀನಂತ ಗೊತ್ತಿರತೈತೇನು?” ದಾರ ಓದುವವಳ ದನಿ ಇಳಿಯಿತು. “ಇಂಥಾ ಕೂಸನ್ನ ಹಿಂದ ಒಂದ ಸಲ ನೋಡೀನಿ. ದೃಷ್ಟಿ ಆಗೇತಿ ಅಂತ ಹೇಳಿ ಕಳಿಸಿಬಿಟ್ಟೆ. ಮೂರನೇ ವರ್ಷ ಮುಟ್ಟಲಿಲ್ಲ ಅದು. ಈ ಸಲ ಹಂಗ ಆಗಬಾರದು.”

“ಉಪಾಯ ಐತೇನು?”

“ನೀನ ಹೇಳೀದಿ ಉಪಾಯ. ಸೆರಗಿನ್ಯಾಗ ಇದ್ದಾಗ ಚಲೋ ಇದ್ದ ಅಂದಿ.”

ಉಪಾಯ ಇದು. ಗಾಳಿ ನೋಡುವುದು ನೂಲನ್ನು, ಮುಖವನ್ನಲ್ಲ. ಕೂಸಿನ ಮೈ ನೂಲು ತೆಗೆಯದಿದ್ದರೆ ಬೇರೆಯವರ ನೂಲನ್ನು ಅದಕ್ಕೆ ಹೊದಿಸಬಹುದು. ಆದರೆ ತಾಯಿಯೊಬ್ಬಳ ಸೆರಗು ಸಾಲದು, ಅವಳು ಕಂಡ ಗಾಳಿಗಳು ನಾಲ್ಕೇ. ಊರಿನ ನೂರಾರು ಜನ ತಾವು ಉಟ್ಟ ಬಟ್ಟೆಯಿಂದ ಒಂದೊಂದು ಗೇಣು ಹರಿದು ಕೊಡಬೇಕು. ಅವನ್ನೆಲ್ಲ ಒಂದೇ ದೊಡ್ಡ ಮಣ್ಣಿನ ಹರವಿಯಲ್ಲಿ ಅಂಟುವಾಳ ಹಾಕಿ ಕುದಿಸಿ, ಏಳು ನೀರಿನಲ್ಲಿ ಜಾಲಾಡಿದರೆ ಬಟ್ಟೆಯ ಬಣ್ಣ, ಬೆವರು, ಕೊಳೆ ಎಲ್ಲ ಹೋಗಿ ಗಾಳಿಯ ನೂಲುಗಳಷ್ಟೇ ಉಳಿಯುತ್ತವೆ. ಆ ತುಂಡುಗಳನ್ನು ಎರಡು ಬಿಳಿ ಬಟ್ಟೆಗಳ ನಡುವೆ ಇಟ್ಟು ಒಂದು ಕೌದಿ ಹೊಲಿಯಬೇಕು. ಕೌದಿಯನ್ನು ಕೂಸು ಹೊದ್ದುಕೊಂಡೇ ಬದುಕಬೇಕು. ಇನ್ನೊಂದು ಮಾತು: ಪರರ ನೂಲು ಈ ಮೈಮೇಲೆ ಒಂದು ತಿಂಗಳು ಬಣ್ಣ ಹಿಡಿದೀತು, ಆಮೇಲೆ ಮಾಸುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೊಸ ಕೌದಿ. ಎಲ್ಲಿಯವರೆಗೆ ಎಂದರೆ, ಅವನು ಬದುಕಿರುವವರೆಗೆ.

ಕೊಟ್ಟವರ ಬಟ್ಟೆಯಲ್ಲಿ ನೂಲು ಕಡಿಮೆಯಾಗುವುದಿಲ್ಲ, ಅವರ ರಾಟೆ ತಿರುಗುತ್ತಲೇ ಇರುತ್ತದೆ. ಅವರಿಗೆ ಹೋಗುವುದು ಗೇಣು ಬಟ್ಟೆ ಮಾತ್ರ. ಆದರೆ ಉಟ್ಟ ಬಟ್ಟೆ ಕೊಡುವುದು ಅಪಶಕುನವೆಂಬ ಊರಿನಲ್ಲಿ ಗೇಣು ಬಟ್ಟೆ ಸಣ್ಣ ಮಾತಲ್ಲ.

ತಾಯಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಮನೆಮನೆಯ ಹೊಸ್ತಿಲಲ್ಲಿ ನಿಂತಳು. ಒಬ್ಬಳು ಬಾಗಿಲು ಹಾಕಿಕೊಂಡಳು. ಒಬ್ಬಳು ಜೋಳ ಕೊಟ್ಟಳು, ಬೆಲ್ಲ ಕೊಟ್ಟಳು, “ಅದೊಂದ ಕೇಳಬ್ಯಾಡ ತಂಗಿ” ಎಂದು ಅತ್ತಳು. ಒಬ್ಬ ಮುದುಕ “ನನ್ನ ನೂಲು ಹೋದರ ನನ್ನ ಗತಿ?” ಎಂದ. ತೊಂಬತ್ತು ವರ್ಷದವನು.

ಮರುದಿನ ಮುಂಜಾನೆ ಊರಿನವರೆಲ್ಲ ಚಾವಡಿಯ ಮುಂದೆ ಸೇರಿದರು, ಈ ಭಂಡತನವನ್ನು ಏನು ಮಾಡಬೇಕೆಂದು ತೀರ್ಮಾನಿಸಲು. ಹಿರಿಯನೊಬ್ಬ ಮಾತು ಶುರುಮಾಡುವ ಮೊದಲೇ ಅಜ್ಜಿ ಎದ್ದು ನಡುವೆ ಬಂದಳು. ಮೂರು ಕುಲಾವಿಗಳನ್ನು ಮೂರು ಬೆರಳಿಗೆ ತೊಡಿಸಿಕೊಂಡಿದ್ದಳು. ಕೈ ಮೇಲೆತ್ತಿದಳು. ಸತ್ತ ಕೂಸುಗಳ ಬಟ್ಟೆ! ಜನ ಎರಡು ಹೆಜ್ಜೆ ಹಿಂದೆ ಸರಿದರು.

“ಕೆಂಚ,” ಎಂದಳು ಅಜ್ಜಿ. “ಮುದ್ದಯ್ಯ. ಚನ್ನಿಗ.”

ಒಂದೊಂದು ಹೆಸರಿಗೂ ಒಂದೊಂದು ಬೆರಳು ಮಡಚಿದಳು.

“ಕೆಂಚ ಎರಡ ವರ್ಷ ಇದ್ದ. ಮುದ್ದಯ್ಯ ಒಂದೂವರಿ. ಚನ್ನಿಗ ನನ್ನ ಕೈ ಹಿಡದ ನಡ್ಯಾಕ ಕಲತಿದ್ದ. ಮೂವರಿಗೂ ಇದs ರೋಗ. ಹೆಸರ ಹೇಳಬಾರದು ಅಂದ್ರಿ, ಹೇಳಲಿಲ್ಲ. ನಾ ಹೇಳಿದ್ದರ ನನ್ನ ಮಗಳಿಗೆ ಮೊದಲ ಗೊತ್ತಾಗತಿತ್ತು. ನಾಕನೇ ಕುಲಾವಿ ನಾ ವಾಡೇದಾಗ ಇಡೂದಿಲ್ಲ. ಏನ ಮಾಡ್ತೀರಿ ಮಾಡ್ರಿ.”

ಹಿಂದಿನ ಸಾಲಿನಲ್ಲಿ ಕುಂಬಾರರ ಮುದುಕಿಯೊಬ್ಬಳು, ಯಾರಿಗೂ ಹೇಳದವಳಂತೆ, ಒಂದು ಹೆಸರು ಹೇಳಿದಳು. ಅವಳ ಪಕ್ಕದವಳು ಇನ್ನೊಂದು. ಹೆಸರುಗಳು ಮಳೆಯ ಮೊದಲ ಹನಿಗಳ ಹಾಗೆ ಅಲ್ಲೊಂದು ಇಲ್ಲೊಂದು ಬಿದ್ದವು, ಆಮೇಲೆ ಒಟ್ಟಿಗೆ ಸುರಿದವು. ಆ ಊರಿನಲ್ಲಿ ಅಷ್ಟು ಮಕ್ಕಳು ಇದ್ದವೆಂದು ಅಂದೇ ಊರಿಗೆ ತಿಳಿದದ್ದು. ಕುಂಬಾರರ ಮುದುಕಿ ತನ್ನ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು. ಸತ್ತು ಯಾರೂ ಬೀಳಲಿಲ್ಲ. ಮತ್ತೊಬ್ಬಳು ಹರಿದಳು. ನಿನ್ನೆಯ ತೊಂಬತ್ತರ ಮುದುಕ ಪಂಚೆಯನ್ನೇ ಹರಿಯಹೋಗಿ, “ಯಪ್ಪಾ, ಅಂಗೀದ ಹರೀ, ಮಾನ ಉಳಿಸಿಕೊ” ಎಂದು ಮೊಮ್ಮಕ್ಕಳಿಂದ ಬೈಸಿಕೊಂಡ.

ಎದುರುಮನೆಯವಳು ಮಾತ್ರ ತನ್ನ ಕೆಂಪು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನನ್ನ ಸೀರಿ ನನ್ನ ಮೈಮ್ಯಾಲ ಇರತೈತಿ. ಕಂಡವರ ಕೂಸಿಗೆ ಚಿಂದಿ ಕೊಡಾಕ ನಾನೇನ ಬೊಂತಿ ಹೊಲಿಯಾಕಿ ಅಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟುಹೋದಳು.

ಅಂದಿನಿಂದ ನೀಲಿ ಬಾವಿಯ ಬಳಿ ಒಂದು ಬುಟ್ಟಿ, ಬುಟ್ಟಿಯ ಮುಂದೆ ಒಂದು ಪರದೆ. ಕೊಡುವವರು ಪರದೆಯ ಹಿಂದೆ ಒಬ್ಬೊಬ್ಬರೇ ಹೋಗಿ ಬುಟ್ಟಿಗೆ ಹಾಕಿ ಬರಬೇಕು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಯಾರಿಗೂ ತಿಳಿಯಬಾರದೆಂದು ದಾರ ಓದುವವಳು ಹೀಗೆ ಮಾಡಿದ್ದಳು. ಕುದಿಸುವವಳೂ ಅವಳೇ, ಒಳಗಿನ ತುಂಡುಗಳನ್ನು ಹೊಲಿಯುವವಳೂ ಅವಳೇ. ನೇಕಾರ ಮೇಲಿನ ಎರಡು ಬಿಳಿ ಬಟ್ಟೆ ನೇಯುತ್ತಿದ್ದ. ತಾಯಿ ಅಮಾವಾಸ್ಯೆಯ ದಿನ ನಡು ಮಧ್ಯಾಹ್ನ ಹೋಗಿ ಕೌದಿ ತರುತ್ತಿದ್ದಳು.

ಮೊದಲ ಕೌದಿ ಹೊದಿಸಿದ ವಾರಕ್ಕೆ ಹಳದಿ ಗಾಳಿ ಬಂತು. ತಾಯಿ ಅಂಗಳದಲ್ಲಿ ಕೂಸನ್ನು ಅಪ್ಪಿ ಕೂತಿದ್ದಳು. ಗಾಳಿ ಕೌದಿಯ ಅಂಚನ್ನು ಎತ್ತಿತು. ಮೂಸಿತು. ಒಳಗೆ ನೂರಾರು ಹಳದಿ ನೂಲು. ಗಾಳಿ ತಬ್ಬಿಬ್ಬಾದಂತೆ ಅಂಗಳದಲ್ಲಿ ಒಂದು ಸುತ್ತು ಸುತ್ತಿ, ಒಂದು ಒಣ ಎಲೆಯನ್ನು ಎತ್ತಿಕೊಂಡು, ಬಂದ ದಾರಿ ಹಿಡಿಯಿತು. ಕೂಸು ಆ ಎಲೆಯನ್ನು ನೋಡಿ ನಕ್ಕಿತು.

ಕೂಸು ನಡೆಯಿತು. ಓಡಿತು. ಕೌದಿಯನ್ನು ಬೆನ್ನಿಗೆ ಗಂಟುಹಾಕಿಕೊಂಡು ಓಣಿಯ ಧೂಳಿನಲ್ಲಿ ಬಿದ್ದು, ಎದ್ದು, ಬೈಸಿಕೊಂಡಿತು. ತಾಯಿಗೆ ಮಗನನ್ನು ಬೈಯುವುದೂ ಒಂದು ಹಬ್ಬವಾಯಿತು.

ಆದರೆ ಅವಳ ಎದೆಯಲ್ಲಿ ಒಂದು ಭಾರ ಕೂತಿತ್ತು. ದುಃಖದ್ದಲ್ಲ, ಕೃತಜ್ಞತೆಯದು. ಹೇಳಿಕೊಳ್ಳಲು ಮುಖವಿಲ್ಲದ ಕೃತಜ್ಞತೆಯೂ ಭಾರವೇ. ಒಂದು ದಿನ ದಾರ ಓದುವವಳನ್ನು ಕೇಳಿದಳು: “ಯಾರ ಕಾಲಿಗೆ ಬೀಳಲಿ ನಾ? ಇದರಾಗ ಯಾರ ತುಂಡು ಎಲ್ಲೈತಿ ಹೇಳು.”

“ಅದನ್ನ ನಾ ಹೇಳಂಗಿಲ್ಲ.”

“ಹಂಗಾದ್ರ ಏನ ಮಾಡಲಿ?”

“ಎಲ್ಲಾರಿಗೂ ಬೀಳು. ತಪ್ಪಂಗಿಲ್ಲ.”

ಅಂದಿನಿಂದ ಪ್ರತಿ ಅಮಾವಾಸ್ಯೆ ಕೌದಿ ಹೊತ್ತು ಬರುವಾಗ ತಾಯಿ ದಾರಿಯ ಪ್ರತಿ ಹೊಸ್ತಿಲನ್ನೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬರುತ್ತಿದ್ದಳು. ಎದುರುಮನೆಯ ಹೊಸ್ತಿಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವಳು ಕೊಟ್ಟಿಲ್ಲವಲ್ಲ, ತಾನೇ ಹೇಳಿದ್ದಾಳಲ್ಲ, ಹಾಗಾಗಿ.

ಎದುರುಮನೆಯವಳು ಜಗುಲಿಯ ಮೇಲೆ ಕಾಲು ಚಾಚಿ ಇದನ್ನು ನೋಡುತ್ತಿದ್ದಳು. “ಇಡೀ ಓಣಿ ಗುಡಿಸ್ಕೋಂತ ಬಂದಿ, ನನ್ನ ಅಂಗಳ ಯಾಕ ಬಿಟ್ಟಿ?” ಎನ್ನುತ್ತಿದ್ದಳು. ಆ ಎರಡು ಮೂರು ವರ್ಷಗಳಲ್ಲಿ ಅವಳ ಎಲ್ಲ ಕೆಂಪು ಸೀರೆಗಳ ಸೆರಗೂ ಒಂದಾದ ಮೇಲೊಂದು ಗಿಡ್ಡವಾಗುತ್ತ ಬಂದಿತ್ತು. ಮೊದಲು ಮೊಣಕಾಲಿಗೆ ಬರುತ್ತಿದ್ದದ್ದು ಈಗ ಸೊಂಟಕ್ಕೂ ಮುಟ್ಟುತ್ತಿರಲಿಲ್ಲ. “ಏನವಾ, ಸೆರಗು ಇಲಿ ತಿಂದೈತೇನು? ಒಂದ ಹೊಸಾ ಸೀರಿ ತೊಗೊಳಾಕ ಜೀವ ಬರಂಗಿಲ್ಲಲ್ಲ!” ಎಂದು ಹೆಂಗಸರು ಕೆಣಕಿದರೆ, “ನಿಮ್ಮ ನಾಲಿಗಿ ಉದ್ದ ಆಗೂ ಹೊತ್ತಿಗೆ ನನ್ನ ಸೆರಗು ಗಿಡ್ಡ ಆಗೇತಿ, ಎಲ್ಲಾ ಒಂದ ಕಡೆ ಹೆಚ್ಚಾದ್ರ ಒಂದ ಕಡೆ ಕಡಿಮಿ,” ಎನ್ನುತ್ತಿದ್ದಳು.

ಮಗನಿಗೆ ನಾಲ್ಕು ತುಂಬಿದ ವರ್ಷ ಕೆಂಪು ಗಾಳಿ ಬಂತು.

ಕೆಂಪು ಗಾಳಿಯ ಬಗ್ಗೆ ಮೊದಲೇ ಹೇಳದಿದ್ದುದಕ್ಕೆ ಕಾರಣ, ಊರಿನವರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಐವತ್ತು ವರ್ಷದ ಹಿಂದೆ ಅದು ದೂರದ ಒಂದು ಊರಿಗೆ ಬಂದು ಊರನ್ನೇ ಬರಿದು ಮಾಡಿತ್ತಂತೆ. ಅಲ್ಲಿ ಯಾರೂ ಉಳಿಯಲಿಲ್ಲವಂತೆ. ಯಾರಾದರೂ ಉಳಿದಿದ್ದರೆ ಅವರು ತಮ್ಮವರನ್ನು ಗಾಳಿಯ ಕೈಗೆ ಕೊಟ್ಟು ತಾವು ಬದುಕಿಕೊಂಡವರು, ಅಂಥವರನ್ನು ಹೊಸ್ತಿಲು ತುಳಿಸಬಾರದು ಎಂದು ಮಾತಿತ್ತು. ಆದ್ದರಿಂದ ಇಡೀ ಊರಿನ ಯಾರ ಬಟ್ಟೆಯಲ್ಲೂ ಕೆಂಪು ನೂಲನ್ನು ಯಾರೂ ಕಂಡಿರಲಿಲ್ಲ.

ಮುಂಜಾನೆ ಹತ್ತರ ಬಿಸಿಲಿನಲ್ಲಿ ಬಯಲು ಇಟ್ಟಿಗೆಪುಡಿ ಚೆಲ್ಲಿದಂತಾಯಿತು. ಗಾಳಿ ಮನೆಯಿಂದ ಮನೆಗೆ ಹೊಕ್ಕಿತು. ಎಲ್ಲೆಲ್ಲಿ ತನ್ನ ಬಣ್ಣ ಕಾಣಲಿಲ್ಲವೋ ಅಲ್ಲೆಲ್ಲ ನಿಂತಿತು. ನೇಕಾರ ಮಗ್ಗದಲ್ಲೇ ಒರಗಿದ. ತಾಯಿಗೆ ಕಾಲು ನಿಲ್ಲಲಿಲ್ಲ, ಮೈ ಕೆಂಡವಾಗಿ ನೆಲಕ್ಕೆ ಬಿದ್ದಳು. ಮಗ ಅಂಗಳದಲ್ಲಿ ಒಬ್ಬನೇ ಇದ್ದ. ಅವಳು ತೆವಳಿಕೊಂಡು ಹೊಸ್ತಿಲಿನವರೆಗೆ ಬಂದಳು, ಮುಂದೆ ಹೋಗಲಾಗಲಿಲ್ಲ. ರಾಟೆಯಿರುವ ದೊಡ್ಡವರನ್ನೇ ಕೆಡವಿದ ಗಾಳಿ, ರಾಟೆಯಿಲ್ಲದ ಕೂಸನ್ನು ಬಿಡುತ್ತದೆಯೇ! ಅವಳು ಕಣ್ಣು ಮುಚ್ಚಬೇಕೆಂದುಕೊಂಡಳು, ಮುಚ್ಚಲಿಲ್ಲ.

ಗಾಳಿ ಕೌದಿಯ ಅಂಚನ್ನು ಎತ್ತಿತು. ಮೂಸಿತು.

ನಿಂತಿತು.

ಆಮೇಲೆ ಹುಡುಗನ ಕೂದಲನ್ನು ಒಮ್ಮೆ ಕೆದರಿ, ಪಕ್ಕಕ್ಕೆ ಸರಿದು, ಗೋಡೆ ಹಾರಿ ಹೋಯಿತು.

ಕೆಂಪು ಗಾಳಿ ಊರಿನಲ್ಲಿ ಮೂರು ದಿನ ಇತ್ತು. ಇಬ್ಬರು ಮುದುಕರನ್ನು ಕರೆದುಕೊಂಡು ಹೋಯಿತು. ಪಂಚೆಯ ಮುದುಕ ಅವರಲ್ಲೊಬ್ಬ. ಉಳಿದವರು ಒಬ್ಬೊಬ್ಬರಾಗಿ ಎದ್ದರು. ಒಂಬತ್ತನೆಯ ದಿನ ಎಲ್ಲರ ಬಟ್ಟೆಯಲ್ಲೂ ಒಂದೊಂದು ಕೆಂಪು ನೂಲು ಮೂಡಿತು. ಗಾಳಿ ಮುಟ್ಟದೆ ಹೋದದ್ದು ಆ ಹುಡುಗನನ್ನು ಮಾತ್ರವೆಂದು ಊರು ಬೆರಗುಪಟ್ಟಿತು. ಯಾರಿಗೂ ರಕ್ಷಣೆಯಿಲ್ಲದ ದಿನ, ರಕ್ಷಣೆಯೇ ಇಲ್ಲದೆ ಹುಟ್ಟಿದವನೊಬ್ಬನಿಗೆ ರಕ್ಷಣೆಯಿತ್ತು.

ತಾಯಿ ಮಾತ್ರ ಬೆರಗಾಗಿ ಸುಮ್ಮನೆ ಕೂರಲಿಲ್ಲ, ಯೋಚಿಸಿದಳು. ಗಾಳಿ ನೋಡುವುದು ನೂಲನ್ನು. ಕೌದಿಯೊಳಗೆ ಕೆಂಪು ನೂಲಿದ್ದಿರಲೇಬೇಕು. ಹಾಗಾದರೆ ಬುಟ್ಟಿಗೆ ಅದನ್ನು ಹಾಕಿದವರು, ಕೆಂಪು ಗಾಳಿಯನ್ನು ಹಿಂದೆಯೇ ಕಂಡು ಉಳಿದವರು, ಈ ಊರಿನಲ್ಲೇ ಇದ್ದಾರೆ. ಐವತ್ತು ವರ್ಷ ಅದನ್ನು ಯಾರಿಗೂ ಕಾಣದಂತೆ ಬಚ್ಚಿಟ್ಟಿದ್ದಾರೆ. ಕೆಂಪು ನೂಲನ್ನು ಎಲ್ಲಿ ಬಚ್ಚಿಡಬಹುದು?

ಅವಳು ತಲೆಯೆತ್ತಿದಳು. ಎದುರುಮನೆಯ ಅಂಗಳದ ಹಗ್ಗದ ಮೇಲೆ ಕಡುಗೆಂಪು ಸೀರೆಯೊಂದು ಒಣಗುತ್ತಿತ್ತು. ಅದರ ಸೆರಗಿನ ತುದಿ ಇಲಿ ತಿಂದಂತೆ ಇರಲಿಲ್ಲ. ಕತ್ತರಿಯಿಂದ ನೇರವಾಗಿ, ಗೇಣಿನ ಅಳತೆಗೆ ಕತ್ತರಿಸಿದಂತಿತ್ತು.

ತಾಯಿ ಬಹಳ ಹೊತ್ತು ಆ ಸೀರೆಯನ್ನು ನೋಡುತ್ತ ನಿಂತಳು. ಅವಳಿಗೆ ಓಡಿಹೋಗಿ ಆ ಕಾಲುಗಳನ್ನು ಹಿಡಿಯಬೇಕೆನಿಸಿತು. ಹಿಡಿದರೆ ಊರೆಲ್ಲ ‘ಯಾಕೆ’ ಎಂದು ಕೇಳುತ್ತದೆ. ಐವತ್ತು ವರ್ಷದ ಗುಟ್ಟನ್ನು ಧನ್ಯವಾದವೆಂಬ ಹೆಸರಿನಲ್ಲಿ ಬಯಲು ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಹೋಗಿ ಗಂಡನ ಮಗ್ಗದ ಬಳಿ ಕೂತು ಏನೋ ಹೇಳಿದಳು. ನೇಕಾರ ಹುಬ್ಬೇರಿಸಿದ. “ಅಷ್ಟ ಉದ್ದ ಯಾರ ಉಡ್ತಾರ?” ಎಂದ. ಅವಳು ಇನ್ನೊಂದು ಮಾತು ಹೇಳಿದಳು. ಅವನು ಮಗ್ಗಕ್ಕೆ ಹಾಸುನೂಲು ಹೂಡಿದ.

ಇಪ್ಪತ್ತು ದಿನದ ಮೇಲೆ, ಒಂದು ಮಧ್ಯಾಹ್ನ, ಎದುರುಮನೆಯ ಜಗುಲಿಯ ಮೇಲೆ ಮಡಿಕೆ ಹಾಕಿದ ಹೊಸ ಸೀರೆಯೊಂದು ಬಂದು ಕೂತಿತ್ತು. ಇಟ್ಟವರು ಯಾರೆಂದು ಯಾರೂ ನೋಡಲಿಲ್ಲ. ಮೆಂತ್ಯಸೊಪ್ಪಿನ ಹಸಿರು ಸೀರೆ. ಈಗ ಊರಿನ ಎಲ್ಲರ ಬಟ್ಟೆಯಲ್ಲೂ ಕೆಂಪು ನೂಲಿದೆ, ಇನ್ನು ಬಚ್ಚಿಡುವ ಕಾರಣವಿಲ್ಲ ಎಂದು ಅದರ ಅರ್ಥ. ಅರ್ಥವಾಗಬೇಕಾದವರಿಗೆ ಅರ್ಥವಾಯಿತು.

ಮರುದಿನ ಮುಂಜಾನೆ ಎದುರುಮನೆಯವಳು ಹಸಿರು ಸೀರೆಯುಟ್ಟು ಜಗುಲಿಗೆ ಬಂದಳು. ಸೆರಗಿನ ಒಂದು ರಾಶಿಯನ್ನು ತೋಳಿನ ಮೇಲೆ ಹೊತ್ತಿದ್ದಳು.

“ಯಾರೋ ಹುಚ್ಚರು,” ಎಂದಳು ಓಣಿಗೆಲ್ಲ ಕೇಳುವಂತೆ, “ಹನ್ನೆರಡು ಗೇಣು ಹೆಚ್ಚಿಗಿ ನೇದಾರ! ಉಟಗೊಂಡ ನಡದ್ರ ಎಡವಿ ಬೀಳ್ತೀನಿ.”

ತಾಯಿ ತನ್ನ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು. ಗುಡಿಸುತ್ತ ಗುಡಿಸುತ್ತ ಓಣಿ ದಾಟಿ ಎದುರುಮನೆಯ ಹೊಸ್ತಿಲವರೆಗೆ ಬಂದಳು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಎಡವಬ್ಯಾಡ್ರಿ ಅಕ್ಕಾರ,” ಎಂದಳು ಮೆಲ್ಲಗೆ. “ತಿಂಗಳಾ ಒಂದೊಂದು ಗೇಣು ಕಡಿಮಿ ಆಗತೈತಿ.”

ಎದುರುಮನೆಯವಳು ಆಚೆ ಮುಖ ಮಾಡಿ, ಬೆನ್ನಿಗೆ ಕೌದಿ ಕಟ್ಟಿಕೊಂಡು ಗಾಳಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದ ಹುಡುಗನನ್ನು ನೋಡಿದಳು. ಹಸಿರು ಸೆರಗಿನ ಅಂಚಿನಲ್ಲಿ ಒಂದೇ ಒಂದು ಕೆಂಪು ನೂಲು ಆಗಲೇ ಮೂಡುತ್ತಿತ್ತು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

“ನಿನ್ನ ಗಂಡಗ ಎಣಿಸಾಕ ಬರಂಗಿಲ್ಲ,” ಎಂದಳು. “ಹೋಗಿ ಹೇಳು. ಈ ವರ್ಷ ಅಧಿಕಮಾಸ ಐತಿ. ಹದಿಮೂರು ಬೇಕು.”